ಆರತಿ ಮುಗಿಯುವಷ್ಟು ಹೊತ್ತು

ಯಾವ ತಪ್ಪಿಗಾಗಿ ಗದಿಗೆಪ್ಪ ಎಂಬ ಕುಲುಮೆ ಕೆಲಸಗಾರರೊಬ್ಬರನ್ನು ಕಳೆದ ದಸರೆಯಿಂದ ಕಾರ್ಖಾನೆಯ ಗೇಟಿನ ಹೊರಗೆ ನಿಲ್ಲಿಸಿದ್ದಾರೋ, ಅದೇ ತಪ್ಪನ್ನು ಆ ಕಾರ್ಖಾನೆ ಈಗ ದಿನವೂ ಬೇಕೆಂದೇ ಮಾಡುತ್ತಿದೆ. ಆ ತಪ್ಪಿಗೆ ನಾವು ಈಗತಾನೇ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಚಪ್ಪಾಳೆ ತಟ್ಟಿದ್ದೇವೆ. ಇದು ಅನ್ಯಾಯ.

ಸಂಬೋಧನೆಯಿಂದ ಶುರು ಮಾಡಿದರೆ ನನಗೆ ಕೊಟ್ಟ ಸಮಯ ಅದರಲ್ಲೇ ಕರಗುತ್ತದೆ ಎಂದು ಇದನ್ನು ಮೊದಲು ಹೇಳಿಬಿಟ್ಟೆ. ಈಗ ಕ್ರಮ ಪಾಲಿಸುತ್ತೇನೆ. ನಮ್ಮ ಮುಂಬಯಿ ಕನ್ನಡ ಸಂಘದ ಅಧ್ಯಕ್ಷರಾದ ಸೋಮನಾಥ ಅವರೇ, ಕಾರ್ಯದರ್ಶಿ ವೈಶಾಲಿ ಮೇಡಂ ಅವರೇ, ಇಂದಿನ ಸನ್ಮಾನಿತರೂ ನನ್ನ ಗುರುಗಳೂ ಆದ ಶ್ರೀರಾಮ್ ಸರ್ ಅವರೇ, ಮೊದಲ ಸಾಲಿನಲ್ಲಿ ಕುಳಿತಿರುವ ಅವರ ಪತ್ನಿ ಸರಸ್ವತಿ ಅಮ್ಮನವರೇ, ಭಾನುವಾರದ ಮೆಗಾ ಬ್ಲಾಕಿಗೆ ಲೋಕಲ್ ಟ್ರೇನುಗಳು ನಿಂತಿದ್ದರೂ ಬಂದಿರುವ ಸಭಿಕರೇ. ನಾನು ಶುಭಾಂಗಿ. ಸಂಘದ ಯುವ ವಿಭಾಗದವಳು. ನನಗೆ ವಹಿಸಿರುವುದು ವಂದನಾರ್ಪಣೆ. ಮೈಕಿಗೆ ಬರುವ ಮುನ್ನ ಅಧ್ಯಕ್ಷರು ನನ್ನ ಕಿವಿಯಲ್ಲಿ, "ಎರಡು ಮಿನಿಟು ತಂಗಿ, ಬಿಸಿಬೇಳೆಭಾತ್ ಆರಿದರ ಯಾರೂ ಮುಟ್ಟಂಗಿಲ್ಲ" ಎಂದು ಹೇಳಿದರು. ಅಧ್ಯಕ್ಷರೇ, ನೀವು ಗಡಿಯಾರ ನೋಡುತ್ತಿರುವುದು ನನಗೆ ಕಾಣುತ್ತಿದೆ. ವಂದನೆ ಸಲ್ಲಿಸಿಯೇ ಸಲ್ಲಿಸುತ್ತೇನೆ. ಆದರೆ ಯಾರಿಗೆ ಸಲ್ಲಿಸಬೇಕು ಎಂಬುದೇ ನನಗೆ ಗೊತ್ತಾಗುತ್ತಿಲ್ಲ. ಅದನ್ನು ನಿಮ್ಮ ಮುಂದೆಯೇ ನಿಂತು ಯೋಚಿಸಬೇಕಾಗಿದೆ.

ನಾನು ಸಯನ್ ಸ್ಟೇಷನ್ನಿನ ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಕಾಲೇಜಿನಲ್ಲಿ ಕಲಿತದ್ದು ಕಡಿಮೆ, ಮಶಿನ್ನಿನ ಮುಂದೆ ನಿಂತು ಓದಿದ್ದು ಹೆಚ್ಚು. ಕಾರ್ಮಿಕ ಸಂಘಗಳ ಕರಪತ್ರ, ಮೂಢನಂಬಿಕೆಯ ವಿರುದ್ಧದ ಕರಪತ್ರ, ನೀರಿನ ಹಕ್ಕಿನ ಕರಪತ್ರ, ಎಲ್ಲವೂ ನನ್ನ ಕೈಮೇಲೆ ಬಿಸಿಬಿಸಿಯಾಗಿ ಹೊರಬರುತ್ತವೆ. ಕರಪತ್ರದ ಒಳ್ಳೆಯ ಗುಣವೇನು? ಅದರಲ್ಲಿ ಅನುಮಾನಕ್ಕೆ ಜಾಗವಿರುವುದಿಲ್ಲ. ಒಂದು ಹಾಳೆ, ಎರಡು ಬದಿ, ಅಷ್ಟರಲ್ಲಿ ತಪ್ಪು ಯಾರದು ಎಂದು ತಿಳಿದುಹೋಗುತ್ತದೆ. ನಾನು ಹಾಗೆ ಬೆಳೆದವಳು.

ಭಾನುವಾರಗಳಲ್ಲಿ ಇದೇ ಸಭಾಂಗಣದಲ್ಲಿ ಶ್ರೀರಾಮ್ ಸರ್ ನಮಗೆ ವಿಜ್ಞಾನ ಹೇಳಿಕೊಡುತ್ತಿದ್ದರು. ಅವರು ವಿಕ್ರೋಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೋಹ ವಿಭಾಗದ ಮುಖ್ಯಸ್ಥರು. ಕಾರ್ಖಾನೆಯ ಹೆಸರು ಹೇಳಬೇಡವೆಂದು ವೈಶಾಲಿ ಮೇಡಂ ಕೇಳಿಕೊಂಡಿದ್ದಾರೆ. ಹೇಳುವುದಿಲ್ಲ. ಅಲ್ಲಿ ಎಂಜಿನ್ನುಗಳ ಅತಿ ಬಿಸಿಯಾದ ಭಾಗದಲ್ಲಿ ತಿರುಗುವ ಪುಟ್ಟ ರೆಕ್ಕೆಗಳನ್ನು ಮಾಡುತ್ತಾರೆ. ಆ ರೆಕ್ಕೆಯ ಲೋಹ ಎಂಥದ್ದು ಎಂದು ಸರ್ ಹೇಳಿಕೊಟ್ಟ ದಿನ ನನಗೆ ನೆನಪಿದೆ. ಅವರು ಅಂದರು: "ನೋಡಮ್ಮಾ, ಸಾಧಾರಣ ಮಿಶ್ರಲೋಹ ಅಂದ್ರೆ ಲೋಕಲ್ ಟ್ರೇನ್. ಯಾರು ಎಲ್ಲಿ ಬೇಕಾದ್ರೂ ನುಗ್ಗಿ ನಿಂತ್ಕೋತಾರೆ. ಇದು ಹಾಗಲ್ಲ, ಇದು ಪಂಕ್ತಿ ಊಟ. ಒಂದು ಸಾಲು ಟೈಟೇನಿಯಮ್ಮು, ಒಂದು ಸಾಲು ಅಲ್ಯೂಮಿನಿಯಮ್ಮು. ಎಲೆ ಮುಂದೆ ಕೂತೋರು ಎದ್ದು ಜಾಗ ಬದಲಾಯಿಸೋ ಹಾಗಿಲ್ಲ." ಎರಡು ಲೋಹಗಳು ಹೀಗೆ ಸಾಲು ಹಿಡಿದು ಕೂಡಿದರೆ ಅದಕ್ಕೆ ಅಂತರಲೋಹ ಸಂಯುಕ್ತ ಎನ್ನುತ್ತಾರೆ. ಸಾಲು ಬಿಡದಿರುವುದರಿಂದ ಅದು ಉರಿಯಲ್ಲೂ ಮೆತ್ತಗಾಗುವುದಿಲ್ಲ. ಸಾಲು ಬಿಡದಿರುವುದರಿಂದಲೇ, ತಣ್ಣಗಿರುವಾಗ ಕೈಜಾರಿ ಬಿದ್ದರೆ ಗಾಜಿನಂತೆ ಸೀಳುತ್ತದೆ.

ಇನ್ನೂ ಮುಖ್ಯವಾದ ಮಾತು ಎಂದರೆ, ಅದೇ ಎರಡು ಲೋಹ, ಅದೇ ಪ್ರಮಾಣ, ಆದರೂ ಮಾಡುವ ರೀತಿ ಬದಲಾದರೆ ಗುಣ ಬದಲಾಗುತ್ತದೆ. ಕರಗಿಸಿ ಎರಕ ಹೊಯ್ದರೆ ಒಂದು ಗುಣ, ಪುಡಿ ಮಾಡಿ ಒತ್ತಿ ಬೇಯಿಸಿದರೆ ಇನ್ನೊಂದು ಗುಣ, ಬಡಿದು ಆಕಾರ ಕೊಟ್ಟರೆ ಮತ್ತೊಂದು. ಬೇಗ ತಣಿಸಿದರೆ ಒಂದು, ನಿಧಾನ ತಣಿಸಿದರೆ ಬೇರೊಂದು. ಇದನ್ನು ಕೇಳಿ ನನಗೆ ಆದ ಸಂತೋಷ ನಿಮಗೆ ಹೇಗೆ ಹೇಳಲಿ? ಹುಟ್ಟು ಮುಖ್ಯವಲ್ಲ, ಬೆಳೆಸಿದ ರೀತಿ ಮುಖ್ಯ ಎಂದು ನನ್ನ ಕರಪತ್ರಗಳು ಕೂಗುತ್ತಿದ್ದುದನ್ನು ಲೋಹವೂ ಹೇಳುತ್ತಿದೆಯಲ್ಲ. ಅಂದೇ ನಾನೂ ಒಂದು ಕರಪತ್ರ ಬರೆದೆ. 'ಒಂದೇ ಲೋಹ' ಎಂದು ಹೆಸರಿಟ್ಟೆ. ಅದರ ಪ್ರತಿಗಳನ್ನು ಹಿಡಿದುಕೊಂಡು ಸರ್ ಹತ್ತಿರ ಓಡಿದೆ.

ಅವರು ಓದಿದರು. ಕನ್ನಡಕ ತೆಗೆದು ಕೇಳಿದರು: "ಯಾವ ಗುಣ? ಎಷ್ಟು ಬಿಸಿಯಲ್ಲಿ?"

ಆಮೇಲೆ ಅವರು ಬಿಡಿಸಿ ಹೇಳಿದರು. ಪುಡಿಯಿಂದ ಮಾಡಿದ ತುಣುಕಿನಲ್ಲಿ ಹರಳುಗಳು ಸಣ್ಣ. ತಣ್ಣಗಿರುವಾಗ ಅದು ಗಟ್ಟಿ. ಆದರೆ ಉರಿಯಲ್ಲಿ ಬಹಳ ಕಾಲ ಎಳೆದರೆ ನಿಧಾನವಾಗಿ ಜಾರಿ ಉದ್ದವಾಗುತ್ತದೆ. ಎರಕದ್ದರಲ್ಲಿ ಹರಳು ದೊಡ್ಡದು. ಉರಿಯಲ್ಲಿ ನಿಲ್ಲುತ್ತದೆ, ತಣ್ಣಗಿರುವಾಗ ಸೀಳುತ್ತದೆ. "ಒಳ್ಳೇದು, ಕೆಟ್ಟದ್ದು ಅಂತ ಎರಡು ಡಬ್ಬಿ ಇಟ್ಕೊಂಡು ಬಂದ್ರೆ ಈ ಲೋಹ ಯಾವ ಡಬ್ಬೀಲೂ ಕೂರೋಲ್ಲಮ್ಮ" ಎಂದರು. ಆ ಕರಪತ್ರವನ್ನು ನಾನು ಹಂಚಲಿಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಈಗಲೂ, ಇಲ್ಲಿ ನಿಂತಿರುವಾಗಲೂ, ಬಿಟ್ಟಿಲ್ಲ.

ಸಭಿಕರೇ, ಗದಿಗೆಪ್ಪ ಅವರ ವಿಷಯಕ್ಕೆ ಬರುತ್ತೇನೆ. ಅವರು ನಮ್ಮ ಆಂಟಾಪ್ ಹಿಲ್ ಚಾಳಿನವರು, ನಮ್ಮ ಗೋಡೆಯಾಚೆಯ ಕೋಣೆಯವರು. ಮೂಲ ವಿಜಯಪುರದ ಕಡೆ. ನನಗೆ ಕಾಕಾ. ರಕ್ತಸಂಬಂಧವಿಲ್ಲ, ಆದರೆ ನನ್ನ ಅವ್ವ ಆಸ್ಪತ್ರೆಯ ಪಾಳಿಗೆ ಹೋದಾಗ ನಾನು ಉಂಡದ್ದು ಅವರ ಹೆಂಡತಿ ರಾಚವ್ವ ಕಾಕಿಯ ಒಲೆಯದು. ಕಾಕಾ ಸರ್ ಅವರ ವಿಭಾಗದಲ್ಲೇ ಕುಲುಮೆ ನೋಡಿಕೊಳ್ಳುತ್ತಿದ್ದರು. ರೆಕ್ಕೆಗಳನ್ನು ಸಾವಿರ ಡಿಗ್ರಿಗೂ ಮೇಲಿನ ಉರಿಯಲ್ಲಿ ಕಾಯಿಸಿ, ಬಾಗಿಲು ಮುಚ್ಚಿಟ್ಟು ನಿಧಾನವಾಗಿ ತಣಿಸುವ ಕೆಲಸ.

ಪ್ರತಿ ವರ್ಷ ಆಯುಧಪೂಜೆಗೆ ಆ ಕುಲುಮೆಯನ್ನು ಮುಂಚಿತವಾಗಿಯೇ ಆರಿಸಿ, ಒಳಗೆ ಗುಡಿಸಿ, ಚೆಂಡುಹೂವಿನ ಮಾಲೆ ಕಟ್ಟಿ, ಬಾಗಿಲು ತೆರೆದು ಆರತಿ ಎತ್ತುವುದು ರೂಢಿ. ಕಾಕಾನ ಅವ್ವ ಹಾಡುತ್ತಿದ್ದ, ಊರದೇವತೆ ದ್ಯಾಮವ್ವನ ಒಂದು ಆರತಿ ಪದವಿದೆ. ಅದನ್ನು ಕಾಕಾ ಪೂರ್ತಿ ಹಾಡುತ್ತಾರೆ. ಮರಾಠಿಯವರು, ಭೋಜಪುರಿಯವರು, ಎಲ್ಲರೂ ಅರ್ಥವಾಗದೆ ಕೈಮುಗಿದು ನಿಲ್ಲುತ್ತಾರೆ. ಕಳೆದ ದಸರೆಗೆ ತುರ್ತು ಆರ್ಡರ್ ಬಂತು. ಪೂಜೆ ಮಾಡಿಕೊಳ್ಳಿ, ಕುಲುಮೆ ಮಾತ್ರ ಆರಿಸಬೇಡಿ ಎಂದು ಮೇಲಿನವರು ಹೇಳಿದರು. ಒಳಗೆ ರೆಕ್ಕೆಗಳು ಕೆಂಪಗೆ ಕಾದು ಇನ್ನೂ ತಣಿಯಬೇಕಿದ್ದವು. ಹೊರಗೆ ತಟ್ಟೆಯಲ್ಲಿ ದೀಪ ಉರಿಯುತ್ತಿತ್ತು. ಕಾಕಾ ಎಂದಿನಂತೆ ಬಾಗಿಲು ತೆರೆದರು, ಪದ ಹಾಡಿದರು, ಆರತಿ ಎತ್ತಿದರು, ಬಾಗಿಲು ಮುಚ್ಚಿದರು.

ಬಾಗಿಲ ಬಳಿಯ ರೆಕ್ಕೆಗಳೆಲ್ಲ ಸೀಳಿಹೋದವು. ಹೊರಮೈ ತಟ್ಟನೆ ತಣಿದು ಒಳಮೈ ಕಾದೇ ಇದ್ದರೆ ಹಾಗಾಗುತ್ತದೆ. ತುರ್ತು ಆರ್ಡರಿನ ಮಾಲು ಹಾಳಾಯಿತು. ಮರುದಿನವೇ ಕಾಕಾ ಅಮಾನತು. ಆರೋಪ ಹೀಗಿದೆ: ಯಾವ ಅಧಿಕಾರಿಯ ಗಮನಕ್ಕೂ ಬಾರದಂತೆ ಬಾಗಿಲು ತೆರೆದನು.

ಇಲ್ಲಿಯವರೆಗೆ ನನ್ನ ಕರಪತ್ರ ಸರಿಯಾಗಿಯೇ ನಡೆಯುತ್ತಿತ್ತು. ಮಾಲೀಕ ಕೆಟ್ಟವನು, ಕಾರ್ಮಿಕ ಒಳ್ಳೆಯವನು. ಒಂದು ಸಣ್ಣ ತೊಡಕು ಮಾತ್ರ ಇತ್ತು, ಆರತಿ. ಯಂತ್ರಕ್ಕೆ ಕುಂಕುಮವೇಕೆ ಎಂದು ನಾನೇ ಚಾಳಿನ ಗೋಡೆಗೆ ಹಾಳೆ ಅಂಟಿಸಿದವಳು. ಅದನ್ನು ಕಾಕಾನಿಗೆ ಹೇಳಿದಾಗ ಅವರು ಅಂದರು: "ಬಾಗಲಾ ಹಾಕಿ ದೇವರಿಗೆ ಆರತಿ ಎತ್ತತಾರೇನವಾ? ಆಕಿ ಮಕ ಕಾಣಬೇಕಲಾ. ನಾನ ತೆಗದೀನಿ. ಯಾರ ಕೇಳಿದರೂ ನಾನ ತೆಗದೀನಂತ ಹೇಳತೀನಿ." ಅಮಾನತಾದ ಮನುಷ್ಯ ಹೀಗೆ ಮಾತಾಡಿದರೆ ಅವನ ಪರವಾಗಿ ಕರಪತ್ರ ಬರೆಯುವುದು ಹೇಗೆ? ನೀವೇ ಹೇಳಿ.

ಆಮೇಲೆ ನಡೆದದ್ದನ್ನು ಕೇಳಿ. ಕುಲುಮೆಯ ಹಿಂಬದಿಯಲ್ಲಿದ್ದ ಕೆಲವು ರೆಕ್ಕೆಗಳು ಸೀಳಿರಲಿಲ್ಲ. ಅವನ್ನೂ ಗುಜರಿಗೆ ಹಾಕಿ ಎಂದರಂತೆ. ಶ್ರೀರಾಮ್ ಸರ್ ಹಾಕಗೊಡಲಿಲ್ಲ. ಕೊಯ್ದು, ಉಜ್ಜಿ, ಹೊಳಪು ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಈ ಲೋಹದ ಒಳಗೆ ಪದರಗಳಿರುತ್ತವೆ, ಚಿರೋಟಿಯ ಹಾಗೆ. ನಿಧಾನ ತಣಿಸಿದರೆ ಪದರ ದಪ್ಪ, ಬೇಗ ತಣಿಸಿದರೆ ತೆಳು. ಆ ತುಣುಕುಗಳಲ್ಲಿ ಪದರ ಬಹಳ ತೆಳುವಾಗಿದ್ದವು. ಉರಿಯಲ್ಲಿಟ್ಟು ಎಳೆದು ನೋಡಿದರೆ ಹಳೆಯವುಗಳಿಗಿಂತ ಎಷ್ಟೋ ಹೆಚ್ಚು ಕಾಲ ಜಾರದೆ ನಿಂತವು. ಮೊದಲು ಬೇಗ, ಆಮೇಲೆ ನಿಧಾನ, ಹೀಗೆ ಎರಡು ಹಂತದಲ್ಲಿ ತಣಿಸಿದರೆ ರೆಕ್ಕೆ ಗಟ್ಟಿಯಾಗುತ್ತದೆ ಎಂದು ಸರ್ ಕಂಡುಕೊಂಡರು. ಬಾಗಿಲ ಬಳಿಯವು ಸೀಳದಂತೆ ಗಾಳಿಯನ್ನು ಎಲ್ಲ ಕಡೆಗೂ ಸಮನಾಗಿ ಹಾಯಿಸುವ ಉಪಾಯವನ್ನೂ ಹುಡುಕಿದರು. ಅದಕ್ಕೆ ತಿಂಗಳುಗಟ್ಟಲೆ ದುಡಿದರು. ಅದು ಅವರದೇ ದುಡಿಮೆ. ನಾನು ಇಲ್ಲ ಎನ್ನುವುದಿಲ್ಲ. ಎನ್ನಬೇಕೆಂದು ಬಂದಿದ್ದೆ, ಆದರೆ ಹೇಗೆ ಎನ್ನಲಿ?

ಆದರೆ ಸಭಿಕರೇ, ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು? ಅದು ಯಾರಿಗೆ ಗೊತ್ತಿತ್ತು?

ಒಂದು ಭಾನುವಾರ ಸರ್ ನಮ್ಮ ಚಾಳಿಗೆ ಬಂದರು. ಅಷ್ಟು ದೊಡ್ಡವರು ಮನೆಗೆ ಬಂದರೆಂದು ಕಾಕಿ ಅವಲಕ್ಕಿ ಒಗ್ಗರಣೆ ಹಾಕಿದಳು. ಪಕ್ಕದ ಕೋಣೆಯಿಂದ ಕುರ್ಚಿ ತಂದಳು. ಪಕ್ಕದ ಕೋಣೆ ಎಂದರೆ ನಮ್ಮದು, ಕುರ್ಚಿ ಹೊತ್ತವಳು ನಾನು. ಸರ್ ಕುಳಿತು ಕೇಳಿದರು: "ಗದಿಗೆಪ್ಪ, ಅವತ್ತು ಆರತಿ ಪೂರ್ತಿ ಹಾಡಿದ್ಯೋ, ಅರ್ಧಕ್ಕೆ ನಿಲ್ಲಿಸಿದ್ಯೋ?" ಕಾಕಾ, "ಅರ್ಧಕ್ಕ ಯಾಕ ನಿಲ್ಲಸಲಿ ಸಾಹೇಬರ, ಪೂರಾ ಹಾಡೇನಿ" ಎಂದರು. "ಹಾಗಾದ್ರೆ ಅದೇ ಥರ, ಅದೇ ನಿಧಾನಕ್ಕೆ ಒಂದ್ಸಲ ಹಾಡು" ಎಂದು ಸರ್ ಮೊಬೈಲ್ ತೆಗೆದು ಸಮಯ ಹಿಡಿದರು.

ಕಾಕಾ ಎದ್ದು ನಿಂತರು. ಅಮಾನತಾದ ಮೇಲೆ ಮೊದಲ ಸಲ ಅಂಗಿಯ ಗುಂಡಿ ಪೂರ್ತಿ ಹಾಕಿಕೊಂಡು, ಕೈಯಲ್ಲಿ ಇಲ್ಲದ ತಟ್ಟೆಯನ್ನು ಎತ್ತಿ, ಆ ಪದವನ್ನು ಮೊದಲಿಂದ ಕೊನೆಯವರೆಗೆ ಹಾಡಿದರು. ಒಂದು ಕಡೆ ದನಿ ಒಡೆಯಿತು, "ಇಲ್ಲೆ ಉಸುರು ತುಗೊಂಡಿದ್ದೆರಿ, ಅದನ್ನೂ ಹಿಡೀರಿ" ಎಂದು ಮುಂದುವರಿದರು. ಸಾಲುಮನೆಯವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ಸರ್ ಇನ್ನೊಮ್ಮೆ ಹಾಡಿಸಿದರು. ಹೋಗುವಾಗ ಕಾಕಾನ ಭುಜ ತಟ್ಟಿದರು. ಕಾಕಾ ಆ ವಾರವೆಲ್ಲ ಖುಷಿಯಾಗಿದ್ದರು. ಸಾಹೇಬರು ಬಂದಿದ್ದರು, ಕೆಲಸ ಬಂದೇ ಬರುತ್ತದೆ ಎಂದು ಕಾಕಿ ಸಮವಸ್ತ್ರ ಒಗೆದು ಇಟ್ಟಳು.

ಕೆಲಸ ಬರಲಿಲ್ಲ. ಹೊಸ ತಣಿಸುವ ವಿಧಾನಕ್ಕೆ ಪ್ರಶಸ್ತಿ ಬಂತು. ನಮ್ಮ ಸಂಘದ ಆಮಂತ್ರಣ ನನ್ನ ಮಶಿನ್ನಿಗೇ ಬಂತು. 'ಸ್ವಂತ ಪರಿಶ್ರಮದಿಂದ ಹೊಸ ವಿಧಾನ ಕಂಡುಹಿಡಿದ ಹೆಮ್ಮೆಯ ಕನ್ನಡಿಗ' ಎಂದು ವೈಶಾಲಿ ಮೇಡಂ ಬರೆದಿದ್ದರು. ಸುಳ್ಳಲ್ಲ. ಪ್ರತಿ ಶಬ್ದವೂ ನಿಜ. ಆದರೂ ಅದರ ಪ್ರತಿ ತೆಗೆಯುತ್ತಾ ತೆಗೆಯುತ್ತಾ ಕೋಪದಲ್ಲಿ ಹಾಳೆಗಳನ್ನು ಮಶಿನ್ನಿಗೆ ಹೇಗೆಂದರೆ ಹಾಗೆ ತುರುಕಿದೆ. ನಿಮ್ಮಲ್ಲಿ ಕೆಲವರಿಗೆ ಬಂದ ಆಮಂತ್ರಣ ವಾರೆಯಾಗಿದ್ದರೆ ಕಾರಣ ಅದು.

ಮೊನ್ನೆ ಸರ್ ಮನೆಗೆ ಹೋದೆ. ಜಗಳಕ್ಕೇ ಹೋದೆ. "ಅವತ್ತು ನೀವು ಅಲ್ಲಿದ್ದಿರಾ?" ಎಂದು ಕೇಳಿದೆ. ಅವರು ಇಲ್ಲ ಎನ್ನಬೇಕಿತ್ತು. ಎಂದಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಅವರು, "ಇದ್ದೆನಮ್ಮ. ಕೈಮುಗಿದು ಕಣ್ಣು ಮುಚ್ಕೊಂಡಿದ್ದೆ" ಎಂದರು. ಕಾಫಿ ತರುತ್ತಿದ್ದ ಸರಸ್ವತಿ ಅಮ್ಮ ಅಲ್ಲೇ ನಿಂತು, "ಮನೇಲಿ ಪೂಜೆ ಆಗೋವಾಗ ಪೇಪರ್ ಓದ್ತಾ ಕೂತಿರ್ತೀರಿ. ಕಾರ್ಖಾನೇಲಿ ಕಣ್ಣು ಮುಚ್ಚಿದ್ರಾ?" ಎಂದರು. ಅಮ್ಮಾ, ಕ್ಷಮಿಸಿ, ಇದನ್ನು ಇಲ್ಲಿ ಹೇಳಬಾರದಿತ್ತೇನೋ. ಆದರೆ ಹೇಳಿಯಾಯಿತು.

ನಾನು ಬಿಡಲಿಲ್ಲ. "ಬಾಗಿಲು ತೆಗೆದದ್ದು ಗೊತ್ತಾಗಲಿಲ್ಲವೇ?" ಎಂದೆ.

"ಬಿಸಿ ಮುಖಕ್ಕೆ ಬಡೀತು. ಕಣ್ಣು ಬಿಟ್ಟೆ."

"ಆಮೇಲೆ?"

ಅವರು ಅಮ್ಮನ ಕೈಯಿಂದ ಕಾಫಿ ಲೋಟ ತೆಗೆದುಕೊಂಡರು. "ಆಮೇಲೆ ಮಂಗಳಾರತಿ ತಗೊಂಡೆ" ಎಂದರು.

"ಇದನ್ನು ಕಂಪನಿಗೆ ಯಾಕೆ ಹೇಳಲಿಲ್ಲ ಸರ್?"

"ನನ್ನನ್ನ ಯಾರೂ ಕೇಳಲಿಲ್ಲಮ್ಮ. ನೀನೇ ಮೊದಲು ಕೇಳಿದ್ದು."

ಸಭಿಕರೇ, ಈಗ ನಾನು ಏನು ಮಾಡಲಿ? ನಾನು ಕೇಳಿದ ಕೂಡಲೇ ನಿಜ ಹೇಳಿದ ಮನುಷ್ಯನನ್ನು ಸುಳ್ಳುಗಾರ ಎನ್ನಲೇ? ಕಣ್ಣೆದುರು ಬಾಗಿಲು ತೆರೆದಿದ್ದನ್ನು ನೋಡಿಯೂ ಸುಮ್ಮನಿದ್ದವರನ್ನು ಪ್ರಾಮಾಣಿಕ ಎನ್ನಲೇ? ಕಾಕಾ ಮಾಡಿದ್ದು ತಪ್ಪೇ? ತಪ್ಪಾದರೆ ಕಾರ್ಖಾನೆ ಅದನ್ನು ದಿನವೂ ಏಕೆ ಮಾಡುತ್ತದೆ? ತಪ್ಪಲ್ಲದಿದ್ದರೆ ಅದು ಆವಿಷ್ಕಾರವೇ? ಗೊತ್ತಿಲ್ಲದೆ ಮಾಡಿದ್ದು ಆವಿಷ್ಕಾರ ಹೇಗಾಗುತ್ತದೆ? ಕಾಕಾನನ್ನು ಕೇಳಿದರೆ ಇವೆರಡೂ ಅಲ್ಲ, "ದ್ಯಾಮವ್ವ ಮಾಡಿಸ್ಯಾಳ" ಎನ್ನುತ್ತಾರೆ. ನಾನು ದ್ಯಾಮವ್ವನನ್ನು ನಂಬುವವಳಲ್ಲ. ಆದರೆ ಆ ರೆಕ್ಕೆಗಳು ಇಂದು ಎಲ್ಲೋ ಉರಿಯಲ್ಲಿ ಜಾರದೆ ತಿರುಗುತ್ತಿವೆ. ಅದಕ್ಕೆ ಕಾರಣ ಒಂದು ಆರತಿ ಪದದ ಉದ್ದ. ಇದನ್ನು ಯಾವ ಕರಪತ್ರದಲ್ಲಿ ಹಾಕಲಿ?

ಕಾಕಾ ಈಗ ಚೆಂಬೂರಿನ ಒಂದು ಬಿಲ್ಡಿಂಗಿನಲ್ಲಿ ವಾಚ್‌ಮನ್ ಕುರ್ಚಿಯಲ್ಲಿ ಕೂರುತ್ತಾರೆ. ಕುಲುಮೆಯ ಮುಂದೆ ವಯಸ್ಸು ಕಳೆದವರಿಗೆ ಅಲ್ಲಿ ಚಳಿಯಾಗುತ್ತದಂತೆ. ಮುಂಬಯಿಯಲ್ಲಿ ಚಳಿ. ಸ್ವೆಟರ್ ಹಾಕಿಕೊಂಡು ಹೋಗುತ್ತಾರೆ, ಬಿಲ್ಡಿಂಗಿನವರು ನಗುತ್ತಾರೆ.

ಕಂಪನಿ ಒಂದು ದಾರಿ ಕೊಟ್ಟಿದೆ. ಯಾರಿಗೂ ತಿಳಿಸದೆ ಬಾಗಿಲು ತೆರೆದೆ, ಕ್ಷಮಿಸಿ ಎಂದು ಬರೆದುಕೊಟ್ಟರೆ ಪ್ಯಾಕಿಂಗ್ ವಿಭಾಗಕ್ಕೆ ತೆಗೆದುಕೊಳ್ಳುತ್ತಾರಂತೆ. ಕುಲುಮೆಯ ಹತ್ತಿರ ಇನ್ನೆಂದೂ ಬಿಡುವುದಿಲ್ಲ. ಕಾಕಾ ಪೆನ್ನು ಹಿಡಿದಿದ್ದರು. ನಾನು ಆ ಪೆನ್ನು ಕಸಿದುಕೊಂಡೆ. ಸುಳ್ಳಿಗೆ ಸಹಿ ಹಾಕಬಾರದು, ನ್ಯಾಯ ಸಿಕ್ಕೇ ಸಿಗುತ್ತದೆ ಎಂದೆ. ನಾನು ಹೇಳಿದ್ದು ಸರಿ. ಸರಿಯೆಂದೇ ಈಗಲೂ ಹೇಳುತ್ತೇನೆ. ಅಂದಿನಿಂದ ಕಾಕಿ ನನ್ನ ಜೊತೆ ಮಾತಾಡಿಲ್ಲ. ಕೊನೆಯ ಮಾತು ಇದು: "ನಿನ್ನ ಹಾಳಿ ನೀ ಓದಕೋ. ನಮ್ಮ ಅನ್ನದಾಗ ಕೈ ಇಡಬ್ಯಾಡ." ಗೋಡೆಯಾಚೆ ಅವಳು ರೊಟ್ಟಿ ಬಡಿಯುವುದು ಕೇಳುತ್ತದೆ. ಮೊದಲಾದರೆ ಒಂದು ರೊಟ್ಟಿ ಈಚೆ ಬರುತ್ತಿತ್ತು. ಇರಲಿ, ಇದು ವಂದನಾರ್ಪಣೆಗೆ ಸಂಬಂಧಿಸಿದ್ದಲ್ಲ.

ಬುಧವಾರ ಕಂಪನಿಯ ವಿಚಾರಣೆಯ ಕೊನೆಯ ದಿನ. ಆರೋಪ ನಿಂತರೆ ಕಾಕಾನ ಅಮಾನತು ಅಲ್ಲ, ಕೆಲಸವೇ ಹೋಗುತ್ತದೆ. ಆರೋಪದಲ್ಲಿ ಒಂದೇ ಒಂದು ಮಾತು ಸುಳ್ಳು: ಯಾವ ಅಧಿಕಾರಿಯ ಗಮನಕ್ಕೂ ಬಾರದಂತೆ. ಆ ಮಾತನ್ನು ಅಳಿಸಬಲ್ಲವರು ಒಬ್ಬರೇ. ಅವರು ಈಗ ನನ್ನ ಎಡಗಡೆ ಶಾಲು ಹೊದ್ದು ಕುಳಿತಿದ್ದಾರೆ.

ಶ್ರೀರಾಮ್ ಸರ್, ನಾನು ಇಲ್ಲಿಗೆ ಬರುವಾಗ ನಿಮ್ಮ ಪ್ರಶಸ್ತಿಯಲ್ಲಿ ಅರ್ಧ ಕಾಕಾನಿಗೆ ಸೇರಬೇಕು ಎಂದು ಕೇಳಲು ಸಿದ್ಧಳಾಗಿದ್ದೆ. ಈಗ ಅದು ಸರಿಯೋ ತಪ್ಪೋ ನನಗೆ ತಿಳಿಯುತ್ತಿಲ್ಲ. ಅದನ್ನು ಕೇಳುವುದಿಲ್ಲ. ಕಾಕಾ ತಪ್ಪು ಮಾಡಿಲ್ಲ ಎಂದು ಹೇಳಿ ಎಂದೂ ಕೇಳುವುದಿಲ್ಲ. 'ಬಾಗಿಲು ತೆರೆದಾಗ ನಾನು ಅಲ್ಲಿದ್ದೆ, ಬೇಡ ಎನ್ನಲಿಲ್ಲ.' ಇಷ್ಟನ್ನು ಮಾತ್ರ ಬುಧವಾರ ವಿಚಾರಣೆಯವರೆದುರು ಹೇಳಿ. ಯಾರೂ ಕೇಳಲಿಲ್ಲ ಎಂದಿರಲ್ಲ. ನಿಮ್ಮ ಶಿಷ್ಯೆ, ಈ ಎಲ್ಲ ಸಭಿಕರ ಎದುರು, ಕೇಳುತ್ತಿದ್ದೇನೆ.

ಹಾಗೆ ಹೇಳಿದರೆ ನಿಮ್ಮ ಕೆಲಸಕ್ಕೆ ಏನಾಗುತ್ತದೆ ಎಂಬುದನ್ನು ನಾನು ಯೋಚಿಸಿಲ್ಲ ಎಂದುಕೊಳ್ಳಬೇಡಿ. ನಿನ್ನೆಯೆಲ್ಲ ಅದನ್ನೇ ಯೋಚಿಸಿದೆ. ನನಗೆ ಉತ್ತರ ಸಿಗಲಿಲ್ಲ. ಸರಸ್ವತಿ ಅಮ್ಮನ ಮುಖ ನೋಡಿದರೆ ಈಗಲೂ ಸಿಗುತ್ತಿಲ್ಲ.

ಇನ್ನೊಂದು ಮಾತು, ಕೊನೆಯ ಸಾಲಿನಲ್ಲಿ ಸ್ವೆಟರ್ ಹಾಕಿಕೊಂಡು ಕುಳಿತಿರುವವರಿಗೆ. ಕಾಕಾ, ಬುಧವಾರ ನೀವು ಬರೆದುಕೊಡುವುದಾದರೆ ಬರೆದುಕೊಡಿ. ಪ್ಯಾಕಿಂಗ್ ಆದರೂ ಕೆಲಸವೇ. ಬರೆಯುವುದಿಲ್ಲ ಎಂದರೆ ಬರೆಯಬೇಡಿ. ನಿಮ್ಮ ಪೆನ್ನು ನನ್ನ ಚೀಲದಲ್ಲಿದೆ, ಇಳಿದು ಬಂದು ಕೊಡುತ್ತೇನೆ. ಯಾವುದು ಸರಿ ಎಂದು ನಾನು ಹೇಳುವುದಿಲ್ಲ.

ಅಧ್ಯಕ್ಷರೇ, ಮುಗಿಸುತ್ತೇನೆ. ಸನ್ಮಾನ ಸ್ವೀಕರಿಸಿದ ಶ್ರೀರಾಮ್ ಸರ್ ಅವರಿಗೆ ವಂದನೆಗಳು. ಅವರು ಕಲಿಸದಿದ್ದರೆ ನಾನು ಇವತ್ತು ಇಷ್ಟು ಗೊಂದಲದಲ್ಲಿ ಇರುತ್ತಿರಲಿಲ್ಲ. ಮೈಕನ್ನು ಇಷ್ಟು ಹೊತ್ತು ಆರಿಸದೆ ಬಿಟ್ಟವರಿಗೆ, ಅಡುಗೆಯವರಿಗೆ, ಎದ್ದು ಹೋಗದೆ ಕುಳಿತ ನಿಮ್ಮೆಲ್ಲರಿಗೆ ವಂದನೆಗಳು. ಬುಧವಾರ ಗೇಟಿನ ಹೊರಗೆ ನಾವು ಕೆಲವರು ನಿಲ್ಲುತ್ತೇವೆ. ಘೋಷಣೆ ಇರುವುದಿಲ್ಲ. ಏನು ಕೂಗಬೇಕೆಂದು ನನಗೆ ಗೊತ್ತಿಲ್ಲ. ಸುಮ್ಮನೆ ನಿಲ್ಲುವುದು. ಬರುವವರು ಬನ್ನಿ. ಸರ್, ನೀವೂ ಅದೇ ಗೇಟಿನಿಂದ ಒಳಗೆ ಹೋಗುವವರು, ಆದ್ದರಿಂದ ನಿಮಗೂ ಇದೇ ಆಮಂತ್ರಣ.

ಎಲ್ಲರಿಗೂ ನನ್ನ ನಮಸ್ಕಾರ. ಗೇಟಿಗೆ ಹೋಗಲು ಸೇರುವುದು ಬುಧವಾರ, ಬೆಳಗ್ಗೆ ಒಂಬತ್ತು ಗಂಟೆ, ವಿಕ್ರೋಳಿ ಸ್ಟೇಷನ್, ಪೂರ್ವದ ಕಡೆ, ಟಿಕೆಟ್ ಕಿಟಕಿಯ ಮುಂದೆ.